ದಾರಿಯ ಹೊತ್ತು ಯಾರ ಲೆಕ್ಕಕ್ಕೆ?

ದಿನವೂ ಬೆಳಿಗ್ಗೆ ಮನೆಯಿಂದ ಹೊರಟು ದುಡಿಮೆಯ ಜಾಗವನ್ನು ಸೇರುವುದು, ಸಂಜೆಗೆ ಅದೇ ದಾರಿಯಲ್ಲಿ ಮನೆಗೆ ಮರಳುವುದು. ಈ ಎರಡನ್ನೂ ಕೂಡಿಸಿ ಹೇಳುವ ಒಂದು ಮಾತು ಕನ್ನಡದಲ್ಲಿ ಬೆಳೆದುಬಂದಿಲ್ಲ. ದೂರವನ್ನು ಅಳೆಯುವ ಮಾತುಗಳಿಗೆ ನಮ್ಮಲ್ಲಿ ಬರವೇನೂ ಇಲ್ಲ. ಒಬ್ಬನ ಕೂಗು ಇನ್ನೊಬ್ಬನ ಕಿವಿಗೆ ಬೀಳುವಷ್ಟು ದೂರ ಕೂಗಳತೆ. ಸುಮಾರು ಮೂರು ಮೈಲಿಯ ದೂರ ಹರದಾರಿ. ಅದರ ನಾಲ್ಕು ಪಟ್ಟು ಗಾವುದ. ಒಕ್ಕಲಿಗನ ಹೊಲ ಕೂಗಳತೆಯಲ್ಲೋ ಅದಕ್ಕಿಂತ ತುಸು ಆಚೆಯೋ ಇರುತ್ತಿತ್ತು. ಸಂತೆಗೆ ಹರದಾರಿ ನಡೆಯಬೇಕಾಗಿತ್ತು. ಜಾತ್ರೆಗೆ, ನೆಂಟರೂರಿಗೆ ಗಾವುದಗಳನ್ನು ಎಣಿಸಬೇಕಾಗಿತ್ತು. ಹೊಲಮನೆ ಎಂಬ ಜೋಡುನುಡಿಯಲ್ಲಿ ದುಡಿಮೆಯೂ ಇರವೂ ಒಂದಕ್ಕೊಂದು ಅಂಟಿಕೊಂಡೇ ಇವೆ. ಇನ್ನು ಬರ ಬಿದ್ದಾಗ ಕೂಲಿಯನ್ನು ಅರಸಿ ಊರು ಬಿಡುವುದಕ್ಕೆ ಗುಳೆ ಎಂಬ ಮಾತಿದೆ. ಗುಳೆ ಹೋದವರು ಆ ಸಂಜೆಗೆ ಮರಳುವವರಲ್ಲ, ಮಳೆ ಬಂದ ಮೇಲೆ ಮರಳುವವರು. ಹೀಗೆ ದುಡಿಮೆ ಒಂದೋ ಕೂಗಳತೆಯಲ್ಲಿತ್ತು, ಇಲ್ಲವೇ ಗುಳೆಯ ದೂರದಲ್ಲಿತ್ತು. ದಿನವೂ ಹೋಗಿ ದಿನವೂ ಮರಳುವ ನಡುವಣ ದೂರವೊಂದು ಜನಸಾಮಾನ್ಯರ ಬದುಕಿನೊಳಗೆ ಬಂದದ್ದು ಹೆಚ್ಚಾಗಿ ರೈಲಿನ ಜೊತೆಯಲ್ಲಿ.

ಇಂಗ್ಲಿಷಿನವರು ಇದಕ್ಕೆ ಬಳಸುವ ‘ಕಮ್ಯೂಟ್’ ಎಂಬ ಮಾತಿನ ಹುಟ್ಟನ್ನು ನೋಡಿದರೂ ಇದೇ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ರೈಲ್ವೆಗಳು ನಿತ್ಯ ಪಯಣಿಗರ ಬಿಡಿಬಿಡಿ ದರಗಳನ್ನೆಲ್ಲ ಒಟ್ಟುಗೂಡಿಸಿ, ಒಂದಿಷ್ಟು ಸೋಡಿ ಬಿಟ್ಟು, ಒಂದೇ ಮೊತ್ತಕ್ಕೆ ಪರಿವರ್ತಿಸಿದ ಚೀಟಿಗಳನ್ನು ಮಾರಿದವು. ಆ ಪರಿವರ್ತನೆಯ ಚೀಟಿಯನ್ನು ಕೊಂಡವನು ಕಮ್ಯೂಟರ್ ಎನಿಸಿಕೊಂಡ. ಹಣವನ್ನು ಕೊಟ್ಟವನು, ಪಡೆದವನು, ಬಿಟ್ಟುಕೊಟ್ಟವನು ಎಲ್ಲರೂ ಆ ಹೆಸರಿನಲ್ಲಿದ್ದಾರೆ; ದಾರಿಯಲ್ಲಿ ಕಳೆದ ಹೊತ್ತಿನ ಸುಳಿವು ಮಾತ್ರ ಅದರಲ್ಲಿಲ್ಲ. ಕೆಲಸಕ್ಕಾಗಿ ದಿನವೂ ಎಷ್ಟು ದೂರ ಹೋಗಿಬರುವುದು ನ್ಯಾಯ ಎಂದು ಇಂದು ಎಲ್ಲೆಡೆ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಈ ಹೊತ್ತನ್ನು ಚರಿತ್ರೆಯಲ್ಲಿ ಯಾರು ಯಾರ ಲೆಕ್ಕಕ್ಕೆ ಬರೆದರು ಎಂಬುದನ್ನು ನೋಡಬೇಕೆಂದು ನನಗೆ ತೋರುತ್ತದೆ.

ನಮ್ಮ ಹಳೆಯ ಬೆಂಗಳೂರು ಪೇಟೆಯನ್ನು ತೆಗೆದುಕೊಳ್ಳಿ. ಕೆಂಪೇಗೌಡ ೧೫೩೭ರಲ್ಲಿ ಕಟ್ಟಿಸಿದನೆಂದು ಹೇಳುವ ಈ ಪೇಟೆಯಲ್ಲಿ ಉತ್ತರದ ಯಲಹಂಕ ಬಾಗಿಲಿನಿಂದ ದೊಡ್ಡಪೇಟೆಯನ್ನು ಹಿಡಿದು ದಕ್ಷಿಣದ ಕೋಟೆಯ ಕಡೆಗೆ ನಡೆದರೆ ಅರ್ಧ ಗಂಟೆಯೂ ಬೇಡ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳು ಅಲ್ಲಿಯ ಬದುಕನ್ನು ಹೇಳುತ್ತವೆ. ಮುಂದೆ ಅಂಗಡಿ, ಹಿಂದೆ ಮನೆ. ಜಗಲಿಯ ಮೇಲೆ ವ್ಯಾಪಾರ, ಒಳಗೆ ಅಡಿಗೆ. ಇದನ್ನು ನಾನು ಸುವರ್ಣಯುಗವೆಂದು ಹೊಗಳುತ್ತಿಲ್ಲ. ಕಸುಬು ಹುಟ್ಟಿನಿಂದಲೇ ಗೊತ್ತಾಗಿದ್ದ ಕಾಲ ಅದು. ಮನೆಯೂ ಮಗ್ಗವೂ ಒಂದೇ ಸೂರಿನಡಿ ಇದ್ದಾಗ ದುಡಿಮೆಗೆ ಗಡಿಯಾರವೂ ಇರಲಿಲ್ಲ, ಬಿಡುವೂ ಇರಲಿಲ್ಲ. ಆದರೆ ದಾರಿಯ ಹೊತ್ತು ಎಂಬ ಮೂರನೆಯ ಹೊತ್ತೊಂದು ದಿನದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದು ದುಡಿಯುವವರ ಪಾಲಿಗೆ ಹೇಗೆ ಹುಟ್ಟಿತೆಂಬುದನ್ನು ಲಂಡನ್ ನಗರದಲ್ಲಿ ಸ್ಪಷ್ಟವಾಗಿ ಕಾಣಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲ್ವೆ ಕಂಪೆನಿಗಳು ನಗರದ ಒಡಲಿನವರೆಗೆ ಹಳಿಗಳನ್ನು ತಂದು ನಿಲ್ದಾಣಗಳನ್ನು ಕಟ್ಟಿದವು. ಅದಕ್ಕಾಗಿ ಕೆಡವಿದ್ದು ಬಹುಮಟ್ಟಿಗೆ ಬಡವರ ಕೇರಿಗಳನ್ನು. ಅಲ್ಲಿಯ ನೆಲ ಅಗ್ಗ, ಅಲ್ಲಿಯವರ ದನಿ ಸಣ್ಣದು. ಮನೆ ಕಳೆದುಕೊಂಡವರು ದೂರ ಹೋಗಬೇಕಾಯಿತು, ಕೆಲಸ ಮಾತ್ರ ನಗರದಲ್ಲೇ ಉಳಿಯಿತು. ೧೮೬೪ರಲ್ಲಿ ಗ್ರೇಟ್ ಈಸ್ಟರ್ನ್ ಕಂಪೆನಿಗೆ ಅನುಮತಿ ಕೊಡುವಾಗ ಪಾರ್ಲಿಮೆಂಟು ಒಂದು ಕರಾರು ಹಾಕಿತು: ಎಡ್ಮಂಟನ್, ವಾಲ್ಥಮ್‌ಸ್ಟೋ ಕಡೆಗಳಿಂದ ಕೂಲಿಗಾರರನ್ನು ತೀರ ಕಡಮೆ ದರದಲ್ಲಿ ಕರೆತರುವ ರೈಲುಗಳನ್ನು ಓಡಿಸಬೇಕು. ೧೮೮೩ರ ಅಗ್ಗದ ರೈಲುಗಳ ಕಾಯಿದೆ ಇಂಥ ಹೊಣೆಯನ್ನು ಉಳಿದ ಕಂಪೆನಿಗಳ ಮೇಲೂ ಹೊರಿಸಿತು. ಇದು ದೊಡ್ಡ ಹೆಜ್ಜೆಯೇ. ಮನೆಯನ್ನು ದೂರ ತಳ್ಳಿದವನು ದೂರದ ವೆಚ್ಚದಲ್ಲಿ ಪಾಲು ಹೊರಬೇಕೆಂಬ ತತ್ತ್ವ ಅಲ್ಲಿ ಕಾಯಿದೆಯ ರೂಪ ತಾಳಿತು. ಆದರೆ ಕೂಲಿಗಾರರ ರೈಲುಗಳು ಬೆಳಗಿನ ಜಾವದವು. ಅಂಗಡಿಗಳಲ್ಲಿ, ಹೊಲಿಗೆಯ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ದರ ಉಳಿಸಲು ಅದೇ ರೈಲನ್ನು ಹಿಡಿದು ಬಂದು, ಕೆಲಸದ ಬಾಗಿಲು ತೆರೆಯುವವರೆಗೆ ಬೀದಿಯಲ್ಲಿ ಕಾದು ನಿಲ್ಲುತ್ತಿದ್ದರು. ಹಣದಲ್ಲಿ ಉಳಿದದ್ದನ್ನು ಅವರು ಹೊತ್ತಿನಲ್ಲಿ ತೆತ್ತರು.

ಈ ಹೊತ್ತಿಗೆ ಒಂದು ಸಹಜವಾದ ಅಳತೆಯುಂಟೆಂದು ಹೇಳುವ ವಿದ್ವಾಂಸರಿದ್ದಾರೆ. ೧೯೭೦ರ ದಶಕದಲ್ಲಿ ಯಾಕೋವ್ ಜಹಾವಿ ಎಂಬವರು ನಗರವಾಸಿಗಳ ಓಡಾಟವನ್ನು ಅಭ್ಯಸಿಸಿದರು. ಆ ಅಭ್ಯಾಸದ ಆಧಾರದ ಮೇಲೆ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ೧೯೯೪ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಮನುಷ್ಯ ಎಲ್ಲ ಕಾಲದಲ್ಲೂ ದಿನಕ್ಕೆ ಸರಾಸರಿ ಒಂದು ಗಂಟೆಯನ್ನು ಓಡಾಟಕ್ಕೆ ಮೀಸಲಿಡುತ್ತಾನೆ. ವಾಹನದ ವೇಗ ಹೆಚ್ಚಿದರೆ ಅವನು ಹೊತ್ತನ್ನು ಉಳಿಸುವುದಿಲ್ಲ, ದೂರವನ್ನು ಹೆಚ್ಚಿಸಿಕೊಳ್ಳುತ್ತಾನೆ ಎಂಬುದು ಆ ವಾದ. ಗಂಟೆಗೆ ಐದು ಕಿಲೋಮೀಟರ್ ನಡೆಯುವವನಿಗೆ ಹೋಗಿಬರಲು ಒಂದು ಗಂಟೆಯೆಂದರೆ ಎರಡೂವರೆ ಕಿಲೋಮೀಟರಿನ ಊರು. ಹಳೆಯ ಕೋಟೆ ಪಟ್ಟಣಗಳು ಬಹುಮಟ್ಟಿಗೆ ಈ ಅಳತೆಯನ್ನು ಮೀರದೆ ನಿಂತದ್ದನ್ನು ಅವರು ಎತ್ತಿ ತೋರಿಸಿದರು. ನಮ್ಮ ಪೇಟೆಯೂ ಆ ಅಳತೆಯೊಳಗೆ ಸಲೀಸಾಗಿ ಕೂರುತ್ತದೆ. ವಾದ ಸೊಗಸಾಗಿದೆ. ಆದರೆ ಸರಾಸರಿ ಎಂಬುದು ನಾಲ್ಕು ಗಂಟೆಯವನನ್ನೂ ಕಾಲು ಗಂಟೆಯವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೇ ಎಲೆಯಲ್ಲಿ ಬಡಿಸುವ ಲೆಕ್ಕ. ಎಲೆ ತುಂಬಿದಂತೆ ಕಾಣುತ್ತದೆ. ಉಂಡವರು ಯಾರೆಂದು ತಿಳಿಯುವುದಿಲ್ಲ.

ಹಾಗಾದರೆ ಕಾಯಿದೆ ಏನು ಹೇಳಿತು? ದುಡಿಯುವ ದಿನಕ್ಕೆ ಎಂಟು ಗಂಟೆಯ ಮೇರೆ ಬೇಕೆಂಬ ಚಳವಳಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ನಡೆದು, ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲನೆಯ ಒಡಂಬಡಿಕೆಯಲ್ಲಿ ಮನ್ನಣೆ ಪಡೆಯಿತು. ದಿನವನ್ನು ಮೂರು ಪಾಲು ಮಾಡಿ, ದುಡಿಮೆಗೆ ಒಂದು, ನಿದ್ದೆಗೆ ಒಂದು, ತನಗೂ ತನ್ನವರಿಗೂ ಒಂದು ಎಂದು ಹಂಚುವುದು ಆ ಚಳವಳಿಯ ಕಲ್ಪನೆಯಾಗಿತ್ತು. ಈ ಹಂಚಿಕೆಯಲ್ಲಿ ದಾರಿಗೆ ಪಾಲಿಲ್ಲ. ದುಡಿಮೆಯ ಎಂಟು ಗಂಟೆ ಕರಗುವಂತಿಲ್ಲ. ನಿದ್ದೆ ತಡೆಯುವಷ್ಟು ಮಾತ್ರ ಕರಗೀತು. ಆದ್ದರಿಂದ ದಾರಿ ತಿನ್ನುವುದೆಲ್ಲ ಮೂರನೆಯ ಪಾಲನ್ನೇ. ನಮ್ಮ ೧೯೪೮ರ ಕಾರ್ಖಾನೆ ಕಾಯಿದೆ ವಾರಕ್ಕೆ ೪೮ ಗಂಟೆಯ ಮೇರೆಯನ್ನು ಹಾಕಿತು. ನಡುವಣ ವಿರಾಮವನ್ನೂ ಸೇರಿಸಿ ದಿನದ ದುಡಿಮೆ ಹತ್ತೂವರೆ ಗಂಟೆಗಿಂತ ಹೆಚ್ಚು ಹರಡಿಕೊಳ್ಳಬಾರದೆಂದಿತು. ಊಟದ ಬಿಡುವನ್ನು ಎಣಿಸಿದ ಕಾಯಿದೆ ಗೇಟಿನ ಹೊರಗಿನ ಹೊತ್ತನ್ನು ಎಣಿಸಲಿಲ್ಲ.

ಈ ಗೇಟು ಎಲ್ಲಿದೆ ಎಂಬ ಪ್ರಶ್ನೆ ಎಲ್ಲರಿಗಿಂತ ಹೆಚ್ಚಾಗಿ ಕಾಡಿದ್ದು ಗಣಿ ಕಾರ್ಮಿಕರನ್ನು. ಗಣಿಯ ಬಾಯಿಯಿಂದ ಕೆಲಸದ ಬಂಡೆಯವರೆಗೆ ಇಳಿಯುವ ಹೊತ್ತು ದುಡಿಮೆಯೇ, ದಾರಿಯೇ? ಬಾಯಿಯಿಂದ ಇಳಿದು ಮತ್ತೆ ಬಾಯಿಗೆ ಬರುವವರೆಗಿನ ಹೊತ್ತೆಲ್ಲ ಎಂಟು ಗಂಟೆಯೊಳಗೆ ಅಡಗಬೇಕೆಂದು ಬ್ರಿಟನ್ನಿನ ಕಲ್ಲಿದ್ದಲ ಕಾರ್ಮಿಕರು ಬಹುಕಾಲ ಹೋರಾಡಿದರು. ೧೯೦೮ರ ಕಾಯಿದೆ ಅವರಿಗೆ ಎಂಟು ಗಂಟೆಯನ್ನು ಕೊಟ್ಟಿತು. ಇಳಿದು ಏರುವ ಹೊತ್ತನ್ನು ಮಾತ್ರ ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅಮೆರಿಕದಲ್ಲಿ ೧೯೪೪ರಲ್ಲಿ ಅಲಬಾಮದ ಕಬ್ಬಿಣದ ಅದಿರಿನ ಗಣಿಗಳ ಮೊಕದ್ದಮೆಯಲ್ಲಿ ನೆಲದಡಿಯ ಪಯಣವೂ ದುಡಿಮೆಯೇ ಎಂದು ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ೧೯೪೬ರಲ್ಲಿ ಒಂದು ಕುಂಬಾರಿಕೆ ಕಾರ್ಖಾನೆಯ ವ್ಯಾಜ್ಯದಲ್ಲಿ, ಕಾರ್ಖಾನೆಯ ಆವರಣದೊಳಗೆ ಕೆಲಸದ ಮೇಜಿನವರೆಗೆ ನಡೆಯುವ ಹೊತ್ತನ್ನೂ ಎಣಿಸಬೇಕೆಂದಿತು. ಮಾಲೀಕರು ಬೆಚ್ಚಿಬಿದ್ದರು, ಹಿಂಬಾಕಿಗಾಗಿ ದಾವೆಗಳ ಮಳೆಯೇ ಸುರಿಯಿತು. ಮರುವರ್ಷವೇ, ೧೯೪೭ರಲ್ಲಿ, ಅಮೆರಿಕದ ಶಾಸನಸಭೆ ಬೇರೊಂದು ಕಾಯಿದೆ ಮಾಡಿ ಈ ಹೊತ್ತನ್ನು ಮಾಲೀಕರ ಲೆಕ್ಕದಿಂದ ತೆಗೆದುಹಾಕಿತು. ದಾರಿಯ ಹೊತ್ತಿಗೆ ಬೆಲೆಯಿಲ್ಲವೆಂದು ಯಾರೂ ನಂಬಿರಲಿಲ್ಲ ಎಂಬುದಕ್ಕೆ ಈ ಅವಸರವೇ ಸಾಕ್ಷಿ. ಬೆಲೆಯಿಲ್ಲದ್ದನ್ನು ತಮ್ಮ ಲೆಕ್ಕದಿಂದ ಅಳಿಸಲು ಯಾರೂ ಇಷ್ಟು ಶ್ರಮಪಡುವುದಿಲ್ಲ.

ಗಣಿಯ ಮಾತು ಬಂದಮೇಲೆ ನಮ್ಮ ಕೋಲಾರದ ಚಿನ್ನದ ಗಣಿಯ ಕಡೆಗೆ ತಿರುಗದೆ ಇರಲಾರೆ. ಈ ಪ್ರಶ್ನೆಯ ಎರಡು ತುದಿಗಳನ್ನೂ ಒಂದೇ ಊರು ಕಂಡಿದೆ. ೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಗಣಿಗಾರಿಕೆಯನ್ನು ಹಿಡಿತಕ್ಕೆ ತೆಗೆದುಕೊಂಡಿತು. ಉತ್ತರ ಆರ್ಕಾಟ್, ಚಿತ್ತೂರು ಮುಂತಾದ ಸೀಮೆಗಳಿಂದ ಸಾವಿರಾರು ಮಂದಿ, ಅವರಲ್ಲಿ ಬಹುಪಾಲು ಊರಾಚೆಯ ಕೇರಿಗಳಲ್ಲಿ ಬದುಕಿದ್ದವರು, ಗುಳೆ ಬಂದಂತೆ ಬಂದು ನೆಲೆಸಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಈ ಗಣಿಗಳನ್ನು ಮುಟ್ಟಿತು. ಕಾರ್ಮಿಕರಿಗೆ ಕಂಪೆನಿಯೇ ಲೈನುಗಳನ್ನು ಕಟ್ಟಿಸಿತು: ಸಾಲುಸಾಲಾದ ಒಂದಂಕಣದ ಮನೆಗಳು, ಗಣಿಯ ಬಾಯಿಗೆ ಕೂಗಳತೆ. ಆದರೆ ದಾರಿ ಬಾಯಿಯಿಂದ ಕೆಳಗೆ ಇಳಿಯುತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಅದೊಂದು. ಒಂದೇ ಇಳಿತದಲ್ಲಿ ತಳ ಮುಟ್ಟುವಂತಿರಲಿಲ್ಲ. ಕೇಜು ಎಂಬ ಕಬ್ಬಿಣದ ಗೂಡಿನಲ್ಲಿ ಒಂದು ಬಾವಿಯನ್ನು ಇಳಿದು, ಸುರಂಗದಲ್ಲಿ ನಡೆದು, ಮತ್ತೊಂದು ಗೂಡನ್ನು ಹಿಡಿಯಬೇಕು. ಕೂಗಳತೆಯ ಆ ಮನೆಯಾದರೂ ಕಾರ್ಮಿಕನದಾಗಿರಲಿಲ್ಲ. ಕಂಪೆನಿಯ ಕಾವಲು, ಕಂಪೆನಿಯ ತಪಾಸಣೆ, ಕಂಪೆನಿಯ ನೀರು. ಮನೆ ಗಣಿಗೆ ಇಷ್ಟು ಹತ್ತಿರವಿದ್ದುದು ಅವನ ಸುಖಕ್ಕಿಂತ ಹೆಚ್ಚಾಗಿ ಗಣಿಯ ಅನುಕೂಲಕ್ಕೆ.

೧೯೫೬ರಲ್ಲಿ ಮೈಸೂರು ಸರಕಾರವೂ ಮುಂದೆ ಕೇಂದ್ರ ಸರಕಾರವೂ ಗಣಿಯನ್ನು ವಹಿಸಿಕೊಂಡವು. ೨೦೦೧ರ ಫೆಬ್ರುವರಿ ೨೮ರಂದು ಅದು ಮುಚ್ಚಿತು. ಕೆಲಸ ಹೋಯಿತು, ಮನೆ ಮಾತ್ರ ಅಲ್ಲೇ ಉಳಿಯಿತು. ಅಂದಿನಿಂದ ಆ ಊರಿನ ದುಡಿಮೆಯ ದಾರಿ ನೆಲದಡಿಯಿಂದ ಎದ್ದು ನೆಲದ ಮೇಲೆ ಮಲಗಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮುನ್ನ ರೈಲು ಹತ್ತುವವರು ಬಂಗಾರಪೇಟೆಗೆ ಬಂದು, ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೃಷ್ಣರಾಜಪುರಗಳನ್ನು ದಾಟಿ ಬೆಂಗಳೂರು ದಂಡನ್ನು ಸೇರುತ್ತಾರೆ. ಒಂದು ಕಡೆಗೆ ಸುಮಾರು ಎಂಬತ್ತೈದು ಕಿಲೋಮೀಟರ್, ಎರಡು ಗಂಟೆ ಇಲ್ಲವೇ ಅದಕ್ಕೂ ಹೆಚ್ಚು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಆ ಕವಲುಹಳಿಯನ್ನು ೧೮೯೦ರ ದಶಕದಲ್ಲಿ ಹಾಕಿದ್ದು ಗಣಿಗೆ ಬೇಕಾದ ಸಾಮಾನನ್ನು ಒಳಕ್ಕೆ ತರುವುದಕ್ಕಾಗಿ. ಈಗ ಅದು ಜನರನ್ನು ಹೊರಕ್ಕೆ ಒಯ್ಯುತ್ತಿದೆ. ನಾನು ಆ ರೈಲಿನಲ್ಲಿ ಹಲವು ಬಾರಿ ಪಯಣಿಸಿದ್ದೇನೆ. ತಮಿಳು, ತೆಲುಗು, ಕನ್ನಡ ಒಂದರೊಳಗೊಂದು ಬೆರೆತ ಮಾತು ಮಾಲೂರಿನವರೆಗೆ ಕೇಳಿಸುತ್ತದೆ. ಆಮೇಲೆ ಎಲ್ಲರೂ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆಹೋಗಿರುತ್ತಾರೆ. ಒಮ್ಮೆ ಎದುರಿಗೆ ಕುಳಿತಿದ್ದ ನಡುವಯಸ್ಸಿನವರೊಬ್ಬರು ತಮ್ಮ ತಂದೆ ಗಣಿಯಲ್ಲಿದ್ದರೆಂದು ಹೇಳಿದರು. ತಂದೆ ದಿನವೂ ಪಾತಾಳಕ್ಕೆ ಇಳಿಯುತ್ತಿದ್ದರೂ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಮೇಲೆ ಮನೆಯಲ್ಲಿರುತ್ತಿದ್ದರಂತೆ; ಶಾಲೆಯಿಂದ ಬಂದ ಮಕ್ಕಳಿಗೆ ಅಪ್ಪನ ಮುಖ ಕಾಣುತ್ತಿತ್ತಂತೆ. ತಮ್ಮ ಮಕ್ಕಳಿಗೆ ತಾವು ಭಾನುವಾರದ ಅಪ್ಪ ಎಂದು ಅವರು ನಕ್ಕರು. ಆ ನಗೆಗೆ ಉತ್ತರ ಕೊಡುವುದು ನನ್ನಿಂದಾಗಲಿಲ್ಲ.

ಬೆಂಗಳೂರಿನಲ್ಲೇ ಒಂದು ಮನೆ ಹಿಡಿಯಬಾರದೇ ಎಂದು ಕೇಳುವುದು ಸುಲಭ. ಲೆಕ್ಕವನ್ನು ಅವರೂ ಹಾಕಿ ನೋಡಿದ್ದಾರೆ. ನಗರದಲ್ಲಿ ಎರಡು ಕೋಣೆಯ ಮನೆಗೆ ಕೊಡಬೇಕಾದ ಬಾಡಿಗೆ, ಮುಂಗಡದ ಹಣ ಇವುಗಳ ಎದುರಿಗೆ ರೈಲಿನ ತಿಂಗಳ ಪಾಸು ಏನೂ ಅಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ. ಮೂರು ತಲೆಮಾರು ನಡೆದುಕೊಂಡ ಗುಡಿಯೋ ಇಗರ್ಜಿಯೋ ಇದೆ. ಸಾವುನೋವಿಗೆ ಓಡಿಬರುವ ನೆರೆಹೊರೆಯಿದೆ. ದಿನಕ್ಕೆ ನಾಲ್ಕು ಗಂಟೆಯನ್ನು ತೆತ್ತು ಅವರು ಒಂದು ಊರನ್ನು ಉಳಿಸಿಕೊಂಡಿದ್ದಾರೆ. ಆ ರೈಲು ಇಲ್ಲದಿದ್ದರೆ ಗುಳೆಯೇ ಗತಿ. ಆದ್ದರಿಂದ ನಾಲ್ಕು ಗಂಟೆಯ ಓಡಾಟ ಅವಿವೇಕ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ಆದರೆ ಲೆಕ್ಕ ಲೆಕ್ಕವೇ. ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ನಾಲ್ಕು ಗಂಟೆಯೆಂದರೆ ೧,೨೦೦ ಗಂಟೆ. ಎಂಟು ಗಂಟೆಯ ದಿನಗಳಾಗಿ ಎಣಿಸಿದರೆ ನೂರೈವತ್ತು ದಿನದ ದುಡಿಮೆ. ಆ ನೂರೈವತ್ತು ದಿನಗಳ ಕೂಲಿಯನ್ನು ಯಾರೂ ಕೊಟ್ಟಿಲ್ಲ, ಯಾರೂ ಕೊಡಬೇಕಾಗಿಯೂ ಇಲ್ಲ.

ನಮ್ಮ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿದ್ದು ಕೂಲಿಯ ವಿಷಯದಲ್ಲಲ್ಲ, ಸಾವಿನ ವಿಷಯದಲ್ಲಿ. ದಾರಿಯಲ್ಲಿ ಸತ್ತವನು ಕೆಲಸದಲ್ಲಿ ಸತ್ತವನೇ? ಸೌರಾಷ್ಟ್ರದ ಉಪ್ಪಿನ ಕಾರ್ಖಾನೆಯೊಂದರ ಕಾರ್ಮಿಕರು ಕೆಲಸ ಮುಗಿಸಿ ಹಿನ್ನೀರನ್ನು ದೋಣಿಯಲ್ಲಿ ದಾಟುವಾಗ ದೋಣಿ ಮಗುಚಿ ಮುಳುಗಿಹೋದರು. ಆ ದೋಣಿ ಎಲ್ಲರೂ ಬಳಸುವ ದಾರಿ, ಮಾಲೀಕನ ಹೊಣೆ ಅಲ್ಲಿಯವರೆಗೆ ಚಾಚುವುದಿಲ್ಲ ಎಂದು ೧೯೫೮ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ೧೯೬೩ರಲ್ಲಿ ಮುಂಬಯಿಯ ಬೆಸ್ಟ್ ಸಾರಿಗೆಯ ಚಾಲಕನೊಬ್ಬನ ಪ್ರಕರಣ ಬಂತು. ಪಾಳಿ ಮುಗಿಸಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವನು ಅಪಘಾತದಲ್ಲಿ ತೀರಿಕೊಂಡಿದ್ದ. ಅಷ್ಟು ದೊಡ್ಡ ನಗರದಲ್ಲಿ ಚಾಲಕರು ಹೊತ್ತಿಗೆ ಸರಿಯಾಗಿ ಬಂದುಹೋಗಲೆಂದೇ ಆ ಸೌಲಭ್ಯವಿರುವುದರಿಂದ ಅದು ಕೆಲಸದ ಭಾಗವೇ ಎಂದು ಕೋರ್ಟು ಒಪ್ಪಿತು. ಆದರೆ ೧೯೯೬ರಲ್ಲಿ, ಕಾರ್ಖಾನೆ ಇನ್ನೊಂದು ಕಿಲೋಮೀಟರ್ ಇದೆಯೆನ್ನುವಾಗ, ಪಾಳಿಗೆ ಕಾಲು ಗಂಟೆಯಿದೆಯೆನ್ನುವಾಗ, ಸೈಕಲ್ಲಿನಲ್ಲಿ ಬರುತ್ತಿದ್ದು ಲಾರಿ ತಾಗಿ ಗಾಯಗೊಂಡ ಕಾರ್ಮಿಕನಿಗೆ ವಿಮೆಯ ಪರಿಹಾರ ಸಲ್ಲದೆಂದು ತೀರ್ಪಾಯಿತು. ೨೦೧೦ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ, ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಕೆಲಸದ ಅಪಘಾತವೆನಿಸಿಕೊಂಡಿತು. ೨೦೨೫ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಇದೇ ನೋಟವನ್ನು ನೌಕರರ ಪರಿಹಾರ ಕಾಯಿದೆಗೂ ಅನ್ವಯಿಸಿತು. ಅಲ್ಲಿ ಸತ್ತಿದ್ದವನು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ. ಬೆಳಗಿನ ಜಾವ ಮೂರು ಗಂಟೆಯ ಪಾಳಿಗಾಗಿ ಹೊರಟು, ದಾರಿಯಲ್ಲಿ ೨೦೦೩ರಲ್ಲಿ ತೀರಿಕೊಂಡಿದ್ದ. ಅವನ ಮನೆಯವರಿಗೆ ನ್ಯಾಯ ಸಿಗಲು ಇಪ್ಪತ್ತೆರಡು ವರ್ಷ ಬೇಕಾಯಿತು. ದಾರಿಯಲ್ಲಿ ಸತ್ತವನು ಹೀಗೆ ಲೆಕ್ಕಕ್ಕೆ ಬಂದ. ದಾರಿಯಲ್ಲಿ ಬದುಕಿರುವವನು ಇನ್ನೂ ಬಂದಿಲ್ಲ.

ಬದುಕಿರುವವನೂ ಲೆಕ್ಕಕ್ಕೆ ಬಂದ ಪ್ರಸಂಗಗಳುಂಟು. ಸ್ಪೇನಿನಲ್ಲಿ ಕಳ್ಳಗಾವಲಿನ ಯಂತ್ರಗಳನ್ನು ಮನೆಮನೆಗೆ ಅಳವಡಿಸುವ ಕಂಪೆನಿಯೊಂದು ತನ್ನ ಪ್ರಾಂತೀಯ ಕಚೇರಿಗಳನ್ನು ಮುಚ್ಚಿ, ಕೆಲಸಗಾರರು ನೇರವಾಗಿ ಮನೆಯಿಂದಲೇ ಗಿರಾಕಿಗಳಲ್ಲಿಗೆ ಹೋಗಬೇಕೆಂದು ಏರ್ಪಾಡು ಮಾಡಿತು. ಮೊದಲ ಗಿರಾಕಿಯವರೆಗಿನ ದಾರಿಯನ್ನು, ಕೊನೆಯ ಗಿರಾಕಿಯಿಂದ ಮನೆಗೆ ಬರುವ ದಾರಿಯನ್ನು ವಿಶ್ರಾಂತಿಯೆಂದು ಬರೆದುಕೊಂಡಿತು. ಅದು ವಿಶ್ರಾಂತಿಯಲ್ಲ, ದುಡಿಮೆಯೇ ಎಂದು ೨೦೧೫ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ದೂರವನ್ನು ಹುಟ್ಟಿಸಿದವನೇ ಅದರ ಹೊತ್ತನ್ನು ಹೊರಬೇಕೆಂಬ ೧೮೬೪ರ ತತ್ತ್ವ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು.

ಕಾಯಿದೆಯ ಒತ್ತಾಯವಿಲ್ಲದೆಯೂ ಈ ಹೊರೆಯನ್ನು ಹೊತ್ತವರು ನಮ್ಮಲ್ಲೇ ಇದ್ದರು. ಸ್ವಾತಂತ್ರ್ಯದ ನಂತರ ಬೆಂಗಳೂರಿನ ಸುತ್ತ ಸರಕಾರಿ ಕಾರ್ಖಾನೆಗಳು ಎದ್ದವು: ೧೯೪೮ರಲ್ಲಿ ಐ.ಟಿ.ಐ., ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್. ಆಗ ಅವು ನಿಂತ ನೆಲ ಊರಿನಿಂದ ದೂರದ ಬಯಲು. ಕೆಲಸಗಾರನನ್ನು ಕರೆತರುವುದು ಕಾರ್ಖಾನೆಯದೇ ಚಿಂತೆಯಾಗಿತ್ತು. ಆದ್ದರಿಂದ ದೂರವಾಣಿನಗರದಂಥ ವಸತಿಗಳು, ಶಾಲೆಗಳು, ಆಸ್ಪತ್ರೆಗಳು ಕಾರ್ಖಾನೆಯ ಜೊತೆಯಲ್ಲೇ ಹುಟ್ಟಿದವು; ಉಳಿದವರಿಗಾಗಿ ಕಾರ್ಖಾನೆಯ ಬಸ್ಸುಗಳು ಬೀದಿಬೀದಿಗೆ ಬಂದವು. ಕನ್ನಡ ಸಂಘಗಳು, ನಾಟಕದ ತಂಡಗಳು ಆ ವಸತಿಗಳಲ್ಲಿ ಬೆಳೆದದ್ದನ್ನು ಸಾಹಿತ್ಯಾಸಕ್ತರೆಲ್ಲ ಬಲ್ಲರು. ಐದು ಗಂಟೆಗೆ ಕೆಲಸ ಬಿಟ್ಟು ಐದೂವರೆಗೆ ಮನೆ ಸೇರಿದವನಿಗೆ ಮಾತ್ರ ಆರೂವರೆಯ ನಾಟಕದ ತಾಲೀಮು. ಎಲ್ಲರಿಗೂ ವಸತಿ ಸಿಕ್ಕಲಿಲ್ಲ, ಗುತ್ತಿಗೆಯ ಕೂಲಿಗಾರನಿಗಂತೂ ಬಸ್ಸೂ ಸಿಕ್ಕಲಿಲ್ಲ ಎಂಬುದು ನಿಜ. ಆದರೂ ದಾರಿಯ ಹೊತ್ತು ಉದ್ಯಮದ ಲೆಕ್ಕಪುಸ್ತಕದಲ್ಲಿ ಒಂದು ಬಾಬಾಗಿ ಕಾಣಿಸಿಕೊಂಡಾಗ ದೂರ ತಾನಾಗಿ ಕುಗ್ಗುವ ದಾರಿ ಹುಡುಕುತ್ತದೆ ಎಂಬುದನ್ನು ಆ ಕಾಲ ತೋರಿಸಿಕೊಟ್ಟಿತು.

ಹಾಗೆಂದು ದೂರವನ್ನು ಪೂರ್ತಿ ಇಲ್ಲವಾಗಿಸುವುದೇ ಗುರಿಯೆಂದು ನಾನು ಹೇಳಲಾರೆ. ೨೦೨೦ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಲಕ್ಷಾಂತರ ನೌಕರರಿಗೆ ದಾರಿ ಎಂಬುದೇ ಅಳಿಸಿಹೋಯಿತು. ಉಳಿದ ಹೊತ್ತು ಅವರದಾಯಿತೇ? ಕಚೇರಿಯೇ ಹೊಸಿಲು ದಾಟಿ ಒಳಬಂದು ಊಟದ ಮೇಜನ್ನು ಹಿಡಿಯಿತು. ರಾತ್ರಿ ಹತ್ತಕ್ಕೂ ಕರೆ ಬಂತು. ಕೋಲಾರದ ಲೈನುಮನೆಗಳಲ್ಲಿ ಗಣಿಯ ಕಾವಲು ಮನೆಯ ಬಾಗಿಲಿಗೆ ಬಂದದ್ದ ಹಾಗೆಯೇ ಇದೂ. ದುಡಿಮೆಗೂ ಮನೆಗೂ ನಡುವೆ ಒಂದು ಹೊಸಿಲು ಬೇಕು. ಹತ್ತು ಹದಿನೈದು ನಿಮಿಷದ ನಡಿಗೆ ಆ ಹೊಸಿಲಾಗಬಲ್ಲದು.

ಇದನ್ನೆಲ್ಲ ಹೆಣ್ಣುಮಕ್ಕಳ ಕಡೆಯಿಂದ ನೋಡಿದಾಗ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಪೀಣ್ಯದ ಕಡೆಗೋ ಬೊಮ್ಮಸಂದ್ರದ ಕಡೆಗೋ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಿಗೆ ದಾರಿಯ ಎರಡೂ ತುದಿಯಲ್ಲಿ ಕೆಲಸವಿದೆ. ಒಂದು ತುದಿಯಲ್ಲಿ ಹೊಲಿಗೆಯ ಯಂತ್ರ, ಇನ್ನೊಂದರಲ್ಲಿ ಒಲೆ. ೨೦೨೩ರ ಜೂನ್ ೧೧ರಂದು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವಳ ದರವನ್ನು ಸೊನ್ನೆ ಮಾಡಿತು. ಅದು ಸಣ್ಣ ಮಾತಲ್ಲ. ಬಸ್ಸಿನ ದರಕ್ಕೆ ಹೆದರಿ ಹತ್ತಿರದ ಕಡಮೆ ಕೂಲಿಗೆ ಒಪ್ಪಿಕೊಂಡವಳಿಗೆ ದೂರದ ಬಾಗಿಲೂ ತೆರೆಯಿತು. ಆದರೆ ಲಂಡನ್ನಿನ ಬೀದಿಯಲ್ಲಿ ಕಾದು ನಿಂತ ಆ ಹೆಣ್ಣುಮಕ್ಕಳ ಹಾಗೆ ಇವಳೂ ಹಣದಲ್ಲಿ ಉಳಿಸಿದ್ದನ್ನು ಹೊತ್ತಿನಲ್ಲಿ ತೆರುತ್ತಿದ್ದಾಳೆ. ಹೊತ್ತನ್ನು ಉಚಿತವಾಗಿ ಕೊಡುವ ಯೋಜನೆ ಎಲ್ಲಿಯೂ ಇಲ್ಲ.

ಕಡೆಗೆ, ಎಷ್ಟು ದೂರ ನ್ಯಾಯ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಹೇಳದೆ ಹೋದರೆ ಅದು ಜಾರಿಕೊಂಡಂತೆ. ನಮ್ಮ ಹಿರಿಯರು ದಿನವನ್ನು ಇಪ್ಪತ್ತನಾಲ್ಕು ನಿಮಿಷದ ಅರವತ್ತು ಗಳಿಗೆಗಳಾಗಿ ಎಣಿಸಿದರು. ಹೋಗಲು ಎರಡೂವರೆ ಗಳಿಗೆ, ಬರಲು ಎರಡೂವರೆ ಗಳಿಗೆ, ಅಂದರೆ ಒಟ್ಟು ಎರಡು ಗಂಟೆ. ಇಷ್ಟರವರೆಗೆ ಮನುಷ್ಯ ತನ್ನ ಮನೆಯ ಮೇಲಣ ಮಮತೆಗೋ ಮಕ್ಕಳ ಶಾಲೆಗೋ ತಾನಾಗಿ ತೆತ್ತುಕೊಳ್ಳಲಿ. ಅದು ಅವನ ಆಯ್ಕೆ. ಎರಡು ಗಂಟೆಯನ್ನು ಮೀರಿದ ದಾರಿಯನ್ನು ಮನಸಾರೆ ಆಯ್ದುಕೊಳ್ಳುವವರು ವಿರಳ. ನಗರದ ಬಾಡಿಗೆ, ಮುಚ್ಚಿದ ಗಣಿ, ಬಾರದ ಬಸ್ಸು ಇವು ಅದನ್ನು ಅವರ ಮೇಲೆ ಹೇರಿರುತ್ತವೆ. ಆ ಮೇಲಣ ಹೊತ್ತು ಅವರ ಲೆಕ್ಕಕ್ಕೆ ಬರಬಾರದು. ದುಡಿಸಿಕೊಳ್ಳುವವನು ಅದನ್ನು ದುಡಿಮೆಯ ಗಂಟೆಯಲ್ಲಿ ಕಳೆಯಲಿ, ಇಲ್ಲವೇ ವಸತಿಯನ್ನೋ ವಾಹನವನ್ನೋ ಕೊಡಲಿ. ಸರಕಾರ ಕೆಲಸವನ್ನು ಮನೆಯ ಬಳಿಗೆ ತರಲಿ, ಇಲ್ಲವೇ ಬಡವರ ಕೈಗೆಟಕುವ ಮನೆಯನ್ನು ಕೆಲಸದ ಬಳಿ ಕಟ್ಟಲಿ. ಊಟದ ಬಿಡುವನ್ನು ಎಣಿಸಲು ಕಲಿತ ಕಾಯಿದೆ, ದಾರಿಯ ಸಾವನ್ನು ಎಣಿಸಲು ತಡವಾಗಿಯಾದರೂ ಕಲಿತ ಕಾಯಿದೆ, ದಾರಿಯ ಹೊತ್ತನ್ನು ಎಣಿಸಲು ಕಲಿಯಲಾರದೆಂದು ನಾನು ನಂಬುವುದಿಲ್ಲ. ಹೊತ್ತಿಗೆ ಒಬ್ಬ ವಾರಸುದಾರ ಬೇಕು, ಅಷ್ಟೇ. ಅವನು ಸಿಕ್ಕಿದ ದಿನ ಗಾವುದಗಳು ಹರದಾರಿಗಳಾಗಿ ಕುಗ್ಗುವುದಕ್ಕೆ ಬಹಳ ಕಾಲ ಹಿಡಿಯಲಾರದು.